ಭಾಜ್ಯತೆಯ ನಿಯಮದ ಜೊತೆಗೆ ಕಾರಣವನ್ನೂ ಕೊಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಈಚೆಗೆ ಬಂದ ಭಾಜ್ಯತೆಯ ನಿಯಮಗಳ, ಅಂದರೆ ಒಂದು ಸಂಖ್ಯೆ ಇನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂದು ತಿಳಿಯುವ ನಿಯಮಗಳ, ಪಟ್ಟಿಯ ಕುರಿತು ಈ ಪತ್ರ. 2ರಿಂದ 11ರವರೆಗಿನ ಪ್ರತಿಯೊಂದು ಸಂಖ್ಯೆಗೂ ಒಂದು ಸಾಲಿನ ನಿಯಮ ಕೊಟ್ಟಿದ್ದೀರಿ. ನಿಯಮಗಳೇನೋ ಸರಿಯಾಗಿವೆ, ಆದರೆ ಒಂದಕ್ಕೂ ಕಾರಣ ಹೇಳಿಲ್ಲ. ಮಡಿಕೇರಿಯಲ್ಲಿ ನೆರೆಹೊರೆಯ ಮಕ್ಕಳಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡುವ ನಾನು ಕಾಣುತ್ತಿರುವುದೂ ಇದನ್ನೇ. ಆರನೇ ತರಗತಿಯ ಮಗು ನಿಯಮವನ್ನು ತಡವರಿಸದೆ ಒಪ್ಪಿಸುತ್ತದೆ. ಅದು ಹೇಗೆಂದು ಕೇಳಿದರೆ ಗೈಡಿನಲ್ಲಿ ಹಾಗೇ ಇದೆ ಎನ್ನುತ್ತದೆ.

ಕಾರಣ ಮಕ್ಕಳಿಗೆ ನಿಲುಕದಷ್ಟು ಕಷ್ಟದ್ದಾಗಿದ್ದರೆ ಅದನ್ನು ಬಿಟ್ಟದ್ದು ಸರಿಯೆನ್ನಬಹುದಿತ್ತು. ಆದರೆ 9ರ ನಿಯಮವನ್ನೇ ನೋಡಿ: ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಆ ಸಂಖ್ಯೆಯೂ ಭಾಗವಾಗುತ್ತದೆ. ನರ್ಸರಿಯಲ್ಲಿರುವ 432 ಕಾಫಿ ಸಸಿಗಳನ್ನು ಒಂಬತ್ತೊಂಬತ್ತರಂತೆ ಸಾಲಿಗಿಡಬೇಕು ಎಂದುಕೊಳ್ಳೋಣ. ಪ್ರತಿ ನೂರರಲ್ಲಿ 99 ಸಸಿಗಳು ಸಾಲಿಗೆ ಸೇರಿ ಒಂದು ಉಳಿಯುತ್ತದೆ, ಹಾಗಾಗಿ ನಾಲ್ಕು ನೂರಕ್ಕೆ ನಾಲ್ಕು. ಪ್ರತಿ ಹತ್ತರಲ್ಲಿ 9 ಸೇರಿ ಒಂದು ಉಳಿಯುತ್ತದೆ, ಮೂರು ಹತ್ತಕ್ಕೆ ಮೂರು. ಬಿಡಿಯಾಗಿ ಎರಡು ಇದ್ದೇ ಇವೆ. ಉಳಿದ 4, 3, 2 ಸೇರಿ 9 ಆಗುವುದರಿಂದ ಇನ್ನೊಂದು ಸಾಲು ತುಂಬಿ ಏನೂ ಮಿಗುವುದಿಲ್ಲ. ಅಂಕಿಗಳನ್ನು ಕೂಡುವುದೆಂದರೆ ಹೀಗೆ ಮಿಕ್ಕ ಸಸಿಗಳನ್ನು ಎಣಿಸುವುದೇ. 9 ಮತ್ತು 99 ಎರಡೂ 3ರ ಅಪವರ್ತ್ಯಗಳಾದ್ದರಿಂದ, ಅಂದರೆ 3ರಿಂದ ಶೇಷವಿಲ್ಲದೆ ಭಾಗವಾಗುವುದರಿಂದ, 3ರ ನಿಯಮಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮಕ್ಕಳು ಎಲ್ಲಕ್ಕಿಂತ ಬೇಗ ಮರೆಯುವ 7ರ ನಿಯಮಕ್ಕೂ ನಾಲ್ಕು ಸಾಲು ಸಾಕು. 434ರ ಕೊನೆಯ ಅಂಕಿ 4. ಅದರ ಎರಡರಷ್ಟನ್ನು 43ರಿಂದ ಕಳೆದು ಬರುವ 35 ಏಳರಿಂದ ಭಾಗವಾದರೆ 434 ಕೂಡ ಭಾಗವಾಗುತ್ತದೆ ಎನ್ನುತ್ತದೆ ಪಟ್ಟಿ. ನಿಜವಾಗಿ ಅಲ್ಲಿ ನಡೆಯುವುದು 434ರಿಂದ 21ರ ನಾಲ್ಕರಷ್ಟನ್ನು, ಅಂದರೆ 84ನ್ನು, ಕಳೆಯುವ ಕೆಲಸ. 21 ಸ್ವತಃ 7ರ ಅಪವರ್ತ್ಯವಾದ್ದರಿಂದ ಕಳೆದರೂ ಭಾಜ್ಯತೆ ಬದಲಾಗದು. ಉಳಿದ 350 ಅಂದರೆ 35×10; 10ಕ್ಕೂ 7ಕ್ಕೂ 1ನ್ನು ಬಿಟ್ಟು ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಭಾಗಿಸುವ ಸಂಖ್ಯೆ, ಇಲ್ಲದ ಕಾರಣ 35ನ್ನಷ್ಟೇ ನೋಡಿದರೆ ಸಾಕು.

11ರ ನಿಯಮಕ್ಕೆ ನಾನು ಮಕ್ಕಳ ಮುಂದಿಡುವ ಸಂಖ್ಯೆ 43,560. ಅದು ಒಂದು ಎಕರೆಯ ಚದರಡಿ. 11ರ ಹತ್ತಿರದ ಅಪವರ್ತ್ಯಕ್ಕಿಂತ 10 ಒಂದು ಕಡಿಮೆ, 100 ಒಂದು ಹೆಚ್ಚು, 1000 ಮತ್ತೆ ಒಂದು ಕಡಿಮೆ. ಆದ್ದರಿಂದಲೇ ಬಲದಿಂದ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆಯಬೇಕಾಗುತ್ತದೆ. ಇಲ್ಲಿ 0−6+5−3+4 ಎಂದು ಮಾಡಿದರೆ ಸೊನ್ನೆ ಬರುತ್ತದೆ. ಒಡೆಯುತ್ತಾ ಹೋದರೆ ಈ ಸಂಖ್ಯೆ 8×9×5×121 ಆಗುತ್ತದೆ. ಮೈಸೂರು ಕಡೆಯವರು ಎಕರೆಯನ್ನು 40 ಗುಂಟೆ ಮಾಡುತ್ತಾರೆ, ಒಂದು ಗುಂಟೆಗೆ 1,089 ಚದರಡಿ, ಅಂದರೆ ಸರಿಯಾಗಿ 33 ಅಡಿಗೆ 33 ಅಡಿ. ಕೊಡಗಿನ ನಾವು ಎಕರೆಗೆ 100 ಸೆಂಟ್ ಎಂದು ಹೇಳುವವರು. ನಮ್ಮ ಸೆಂಟ್ 435.6 ಚದರಡಿ, ಪೂರ್ಣಾಂಕವೇ ಅಲ್ಲ. ಒಡೆದಾಗ 100ರಲ್ಲಿ ಎರಡು 5 ಸಿಗುತ್ತವೆ, 43,560ರಲ್ಲಿ ಸಿಗುವುದು ಒಂದೇ 5, ಅಷ್ಟೇ ಕಾರಣ. ಇದನ್ನು ಕೇಳಿದ ಮಕ್ಕಳು ತಮ್ಮ ಮನೆಯ ಜಾಗದ ಲೆಕ್ಕಕ್ಕೆ ಇಳಿಯುತ್ತಾರೆ, ಪಾಠ ಅಲ್ಲಿಗೆ ನಿಲ್ಲುತ್ತದೆ, ಆ ಮಾತು ಬೇರೆ.

ಇದೇ ನಿಯಮದಲ್ಲಿ ‘ವ್ಯತ್ಯಾಸ ಸೊನ್ನೆ ಅಥವಾ 11ರ ಅಪವರ್ತ್ಯವಾಗಿರಬೇಕು’ ಎಂದು ಅಚ್ಚಾಗಿದೆ. ಸೊನ್ನೆಯನ್ನು ಹೀಗೆ ಬೇರೆ ಎಣಿಸಿದರೆ ಅದು ಅಪವರ್ತ್ಯವಲ್ಲವೆಂದು ಮಕ್ಕಳು ತಿಳಿಯುತ್ತಾರೆ. 11×0 ಸೊನ್ನೆಯೇ ಆದ್ದರಿಂದ ಅದೂ 11ರ ಅಪವರ್ತ್ಯ. ಎಲ್ಲ ಪೂರ್ಣಾಂಕಗಳಿಗೂ ಅದು ಅಪವರ್ತ್ಯ. ಋಣ ಸಂಖ್ಯೆ ಬಂದರೂ ಗಾಬರಿಯಾಗಬೇಕಿಲ್ಲ. 9,383ಕ್ಕೆ 3−8+3−9 ಎಂದು ಲೆಕ್ಕ ಹಾಕಿದರೆ −11 ಬರುತ್ತದೆ, ಅದು 11ನ್ನು −1ರಿಂದ ಗುಣಿಸಿದ್ದು, 9,383 ಕೂಡ 11×853.

ತಪ್ಪಿಗೆ ನೇರವಾಗಿ ದಾರಿ ಮಾಡಿಕೊಡುವುದು 6ರ ನಿಯಮ. 2 ಮತ್ತು 3ರಿಂದ ಭಾಗವಾದರೆ 6ರಿಂದಲೂ ಭಾಗವಾಗುತ್ತದೆ ಎಂದಷ್ಟೇ ಕಲಿತ ಮಗು, 4 ಮತ್ತು 6ರಿಂದ ಭಾಗವಾದದ್ದು 24ರಿಂದಲೂ ಭಾಗವಾಗುತ್ತದೆ ಎಂದು ಧೈರ್ಯವಾಗಿ ಬರೆಯುತ್ತದೆ. 36 ಆ ಎರಡರಿಂದಲೂ ಭಾಗವಾದರೂ 24ರಿಂದ ಭಾಗವಾಗುವುದಿಲ್ಲ. 4 ಮತ್ತು 6ಕ್ಕೆ 2 ಸಾಮಾನ್ಯ ಅಪವರ್ತನವಾದ್ದರಿಂದ ಅವುಗಳ ಲ.ಸಾ.ಅ., ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 12 ಮಾತ್ರ; 24ಕ್ಕೆ 3 ಮತ್ತು 8ನ್ನು ಪರೀಕ್ಷಿಸಬೇಕು. ಎರಡು ಸಂಖ್ಯೆಗಳಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದೆಂಬ ಷರತ್ತು ತಮ್ಮ ಪಟ್ಟಿಯಲ್ಲೂ ಇಲ್ಲ.

ಆದ್ದರಿಂದ ಇಡೀ ಪಟ್ಟಿಯನ್ನು ಒಂದೇ ದಿನ ಹಾಕುವ ಬದಲು ವಾರಕ್ಕೊಂದು ನಿಯಮವನ್ನು ಕಾರಣದೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ. 9ರಿಂದ ಆರಂಭಿಸುವುದು ಸುಲಭ. ಋಣ ಸಂಖ್ಯೆಗಳ ಪರಿಚಯವಾದ ಮೇಲೆ 11ನ್ನು ತೆಗೆದುಕೊಂಡರೆ ಸಾಕು. 6ರ ಷರತ್ತನ್ನು ಮಾತ್ರ ಮುಂದಿನ ಸಂಚಿಕೆಯಲ್ಲೇ ಸೇರಿಸಿದರೆ ಒಳ್ಳೆಯದು.

ಇಂತಿ,
ಓದುಗರೊಬ್ಬರು, ಮಡಿಕೇರಿ