ವಿಮಾನ ಹಾರುವ ಹೊತ್ತಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಯುರೋಪಿನ ಊರುಗಳ ನಡುವಿನ ದೂರ, ವಿಮಾನದ ಸಮಯ ಕೊಟ್ಟಿದ್ದೀರಿ. ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಕ್ಕೆ ಸುಮಾರು 505 ಕಿಲೋಮೀಟರ್, ಒಂದೂಕಾಲು ಗಂಟೆ. ಅಂಕಿ ತಪ್ಪಿಲ್ಲ. ಆದರೆ ಇಂಥದೇ ಅಂಕಿ ನಂಬಿಕೊಂಡು ಹೋದ ವರ್ಷ ನಾನೂ ನನ್ನ ಹೆಂಡತಿಯೂ ಪೇಚಿಗೆ ಸಿಕ್ಕಿದ್ದೆವು, ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಬಾರ್ಸಿಲೋನಾದಲ್ಲಿ ಓದುತ್ತಾಳೆ. ನಾವು ಮ್ಯಾಡ್ರಿಡ್‌ನಲ್ಲಿ ಇಳಿದು, ಬೇರೆ ಟಿಕೆಟ್ ಮೇಲೆ ಮುಂದಿನ ವಿಮಾನ ಹಿಡಿಯಬೇಕಿತ್ತು. ನಡುವೆ ಒಂದೂವರೆ ಗಂಟೆ ಇತ್ತು. ಇಷ್ಟು ಹತ್ತಿರದ ವಿಮಾನ ಅಲ್ವಾ, ಇಲ್ಲಿ ಸ್ಟ್ಯಾಂಡಿನಲ್ಲಿ ಬೀದರ್ ಬಸ್ ಹತ್ತಿದ ಹಾಗೆ ಹತ್ತಬಹುದು ಅಂದುಕೊಂಡಿದ್ದೆ. ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ವೀಸಾ, ಇದ್ದವರಿಗೆ ಅವುಗಳಲ್ಲಿ ಮೊದಲು ಇಳಿದ ದೇಶದಲ್ಲೇ ಪಾಸ್‌ಪೋರ್ಟ್ ತಪಾಸಣೆ. ಆ ಸಾಲಿನಲ್ಲಿ ನಿಂತು, ಬ್ಯಾಗ್ ಬರುವವರೆಗೆ ಕಾದು, ಮತ್ತೆ ಬ್ಯಾಗ್ ಕೊಡಲು ಹೋಗುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ದುಡ್ಡು ಹೋಯಿತು, ಹೆಂಡತಿ ಅಲ್ಲೇ ಕುರ್ಚಿ ಮೇಲೆ ಕೂತು ಅತ್ತಳು.

ಆಮೇಲೆ ಮಗಳು ಫೋನಿನಲ್ಲಿ ಹೇಳಿದಂತೆ ಅಟೋಚಾ ಸ್ಟೇಷನ್‌ಗೆ ಹೋಗಿ ರೈಲು ಹತ್ತಿದೆವು. 621 ಕಿಲೋಮೀಟರ್ ಹಳಿ, ಎಲ್ಲೂ ನಿಲ್ಲದ ರೈಲಿಗೆ ಎರಡೂವರೆ ಗಂಟೆ, ಇಳಿದದ್ದು ಊರ ಒಳಗೇ. 2008ರ ಫೆಬ್ರುವರಿಯಲ್ಲಿ ಈ ಮಾರ್ಗ ಪೂರ್ತಿ ತೆರೆಯುವ ಮೊದಲು ಇವೆರಡು ಊರುಗಳ ನಡುವಿನ ವಿಮಾನ ಮಾರ್ಗ ಜಗತ್ತಿನಲ್ಲೇ ಹೆಚ್ಚು ವಿಮಾನ ಓಡಾಡುವ ಮಾರ್ಗಗಳಲ್ಲೊಂದಾಗಿತ್ತು. ಈಗ ಜಾಸ್ತಿ ಜನ ರೈಲಿಗೇ ಹೋಗುತ್ತಾರೆ. ಯಾಕೆಂದರೆ ವಿಮಾನಕ್ಕೆ ಮನೆ ಬಿಟ್ಟು, ಒಂದೆರಡು ಗಂಟೆ ಮುಂಚೆ ಮುಟ್ಟಿ, ಹಾರಿ, ಇಳಿದು, ಮತ್ತೆ ಊರೊಳಗೆ ಬರುವ ಹೊತ್ತಿಗೆ ನಾಲ್ಕು ಗಂಟೆ ಆಗೇ ಆಗುತ್ತದೆ.

ದೂರದ್ದೂ ಹೀಗೇ. 505 ಅನ್ನುವುದು ಭೂಪಟದಲ್ಲಿ ಎಳೆದ ನೇರ ಗೆರೆ. ರೈಲು ಸರಗೋಸಾ ಕಡೆಯಿಂದ ಬಳಸಿಕೊಂಡು ಬರುವುದರಿಂದ ನೂರು ಕಿಲೋಮೀಟರಿಗೂ ಮೇಲೆ ಹೆಚ್ಚಾಗುತ್ತದೆ. ನಮ್ಮ ಕಲಬುರಗಿಯಿಂದ ಬೆಂಗಳೂರಿಗೂ ನೇರ ಗೆರೆ ಹೆಚ್ಚುಕಡಿಮೆ 490 ಕಿಲೋಮೀಟರೇ, ನೋಡಿ. ಆದರೆ ರಾಯಚೂರು, ಗುಂತಕಲ್, ಅನಂತಪುರ ದಾಟಿ ಹೋಗಬೇಕು, 2024ರಲ್ಲಿ ಬಂದ ವಂದೇ ಭಾರತ್‌ಗೂ ಒಂಬತ್ತು ಗಂಟೆಯ ಹತ್ತಿರ ಬೇಕು. ಅಲ್ಲಿ ಎರಡೂವರೆ, ಇಲ್ಲಿ ಒಂಬತ್ತು. ಈ ಮಾತು ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತದೆ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಗಡಿಯಾರದ ವಿಷಯವೂ ಇದೆ. ಲಂಡನ್ ಪ್ಯಾರಿಸ್‌ಗಿಂತ ಒಂದು ಗಂಟೆ ಹಿಂದೆ. ಲಂಡನ್‌ನಲ್ಲಿ 9ಕ್ಕೆ ಹೊರಟ ವಿಮಾನ ಪ್ಯಾರಿಸ್‌ನಲ್ಲಿ 11.15ಕ್ಕೆ ಇಳಿಯಿತು ಅಂದರೆ ಪ್ರಯಾಣ ಒಂದೂಕಾಲು ಗಂಟೆಯದೇ. ಟಿಕೆಟ್ ಮೇಲೆ ಆಯಾ ಊರಿನ ಸಮಯ ಇರುತ್ತದೆ ಅಂತ ಒಂದು ಸಾಲು ಹಾಕಿ.

ಇನ್ನು ಮುಂದೆ ನೇರ ದೂರದ ಪಕ್ಕದಲ್ಲಿ ರೈಲಿನ ದೂರವನ್ನೂ, ಹಾರುವ ಹೊತ್ತಿನ ಪಕ್ಕದಲ್ಲಿ ಮನೆಯಿಂದ ಮನೆಗೆ ಮುಟ್ಟುವ ಹೊತ್ತನ್ನೂ ಕೊಡಿ. ಸೆಪ್ಟೆಂಬರ್‌ಗೆ ಓದಲು ಹೋಗುವ ಮಕ್ಕಳು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ. ಅವರ ಮನೆಯವರು ಈಗ ಟಿಕೆಟ್ ನೋಡುತ್ತಿದ್ದಾರೆ, ನಿಮ್ಮ ಆ ಪುಟವನ್ನೇ ಕತ್ತರಿಸಿ ಇಟ್ಟುಕೊಂಡು.

ನಿಮ್ಮ ಹಳೆಯ ಓದುಗ,
ಬ್ರಹ್ಮಪುರ, ಕಲಬುರಗಿ