ತಾಳ್ಮೆ ಇಲ್ಲದ್ದು ನಮಗಲ್ಲ

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್‌ನ ಈ ಸಲದ ಡ್ರಾಫ್ಟ್ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಕನ್ನಡದಲ್ಲಿ ಈ ಆಟದ ಬಗ್ಗೆ ಇಷ್ಟು ವಿವರವಾಗಿ ಬರೆಯುವವರು ಕಡಿಮೆ. ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಒಂದು ಸಾಲು ಎರಡು ದಿನದಿಂದ ಮನಸ್ಸಿನಲ್ಲಿ ಚುಚ್ಚುತ್ತಿದೆ. ಸೋಲುವ ತಂಡಗಳ ಅಭಿಮಾನಿಗಳಿಗೆ ತಾಳ್ಮೆ ಇಲ್ಲ, ಡ್ರಾಫ್ಟ್ ಮುಗಿದ ರಾತ್ರಿಯೇ ಬೈಯಲು ಶುರು ಮಾಡುತ್ತಾರೆ ಎಂದು ಬರೆದಿದ್ದೀರಿ. ನಾನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಅಭಿಮಾನಿ. ಇಪ್ಪತ್ತಾರು ವರ್ಷದಿಂದ ಇದೇ ತಂಡ. ಆ ಸಾಲನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ನಾವು ಪಾರ್ಮಾಗೆ ಬಂದದ್ದು 1999ರಲ್ಲಿ. ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಪಕ್ಕದ ಊರು. ತಂಡ ಮರಳಿ ಬಂದ ವರ್ಷವೂ ಅದೇ. 1995ರ ಸೀಸನ್ ಮುಗಿದ ಮೇಲೆ ಮಾಲೀಕರು ತಂಡವನ್ನು ಬಾಲ್ಟಿಮೋರ್‌ಗೆ ಒಯ್ದಿದ್ದರು. ಮೂರು ವರ್ಷ ಈ ಊರಿನಲ್ಲಿ ಫುಟ್‌ಬಾಲ್ ತಂಡವೇ ಇರಲಿಲ್ಲ. ಹೊಸದಾಗಿ ಬಂದ ನನಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಹೇಳಿಕೊಟ್ಟವರು ಪಕ್ಕದ ಮನೆಯವರು, ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಆಮೇಲೆ ನನ್ನ ಮಗ ಅವರನ್ನು ಅಜ್ಜ ಎಂದು ಕರೆಯಲು ಶುರು ಮಾಡಿದ. ನಮಗೆಲ್ಲ ಅವರು ಅಜ್ಜನೇ ಆಗಿಬಿಟ್ಟರು. ಈಗ 83 ವರ್ಷ.

ಅಜ್ಜನ ಹತ್ತಿರ ಒಂದು ನೋಟ್‌ಬುಕ್ ಇದೆ. ಬೆನ್ನು ಕಿತ್ತುಹೋಗಿ ಕಂದು ಬಣ್ಣದ ಟೇಪ್ ಅಂಟಿಸಿದ್ದಾರೆ. ಒಂದೊಂದು ಡ್ರಾಫ್ಟಿಗೆ ಒಂದೊಂದು ಪುಟ, ಪುಟಕ್ಕೆ ಮೂರು ಅಂಕಣ. ಮೊದಲ ಅಂಕಣದಲ್ಲಿ ತಮಗೆ ಬೇಕಿದ್ದ ಆಟಗಾರನ ಹೆಸರು. ಅದನ್ನು ಡ್ರಾಫ್ಟಿಗೆ ಮುಂಚೆಯೇ ಬರೆಯುತ್ತಾರೆ, ಆಮೇಲೆ ತಿದ್ದುವುದಿಲ್ಲ. ಎರಡನೆಯದರಲ್ಲಿ ತಂಡ ಆರಿಸಿಕೊಂಡವನ ಹೆಸರು. ಮೂರನೆಯದು ಮೂರು ವರ್ಷ ಖಾಲಿ ಇರುತ್ತದೆ. ಆಮೇಲೆ ಅಲ್ಲಿ ಒಂದೇ ಪದ ಬರೆಯುತ್ತಾರೆ: ‘ನಿಂತ’, ಇಲ್ಲವೇ ‘ಹೋದ’. ಮೂರು ವರ್ಷಕ್ಕೆ ಮುಂಚೆ ಯಾವ ಹುಡುಗನ ಬಗ್ಗೆಯೂ ಮಾತಾಡಬಾರದು ಅನ್ನುವುದು ಅವರ ನಿಯಮ. ಇಂಥವರಿಗೆ ತಾಳ್ಮೆ ಇಲ್ಲ ಅಂತ ಹೇಗೆ ಹೇಳುತ್ತೀರಿ?

ಡ್ರಾಫ್ಟ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇದು ಹರಾಜಲ್ಲ, ಜಾಸ್ತಿ ದುಡ್ಡು ಇದ್ದವರಿಗೆ ಆಟಗಾರ ಸಿಗುವುದಿಲ್ಲ. ಕಾಲೇಜಿನಿಂದ ಬರುವ ಹುಡುಗರನ್ನು 32 ತಂಡಗಳು ಸರದಿಯಂತೆ ಏಳು ಸುತ್ತಿನಲ್ಲಿ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಬೇರೇನಾದರೂ ಪಡೆಯಲೂಬಹುದು. 2011ರಿಂದ ಹೊಸ ಹುಡುಗರ ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ನಾಲ್ಕು ವರ್ಷದ ಒಪ್ಪಂದ, ಮೊದಲ ಸುತ್ತಿನವನಾದರೆ ಐದನೇ ವರ್ಷವೂ ಉಳಿಸಿಕೊಳ್ಳುವ ಹಕ್ಕು. ಹಾಗಾಗಿ ಒಳ್ಳೆಯ ಹುಡುಗ ಸಿಕ್ಕಿದರೆ ತಂಡ ಕಟ್ಟಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಸೋತವರಿಗೆ ಒಳ್ಳೆಯವರು ಸಿಕ್ಕಿ ಕೆಲವೇ ವರ್ಷದಲ್ಲಿ ಎಲ್ಲರೂ ಸಮ ಆಗುತ್ತಾರೆ ಎಂದಿದ್ದೀರಿ. ಸರದಿ ಸಿಗುವುದು ನಿಜ. ಆರಿಸಿದವನನ್ನು ಬೆಳೆಸುವ ಬುದ್ಧಿಯನ್ನು ಯಾವ ಡ್ರಾಫ್ಟೂ ಕೊಡುವುದಿಲ್ಲ.

ತಪ್ಪು ಆಯ್ಕೆ ಎಲ್ಲರಿಗೂ ಆಗುತ್ತದೆ. ಆಮೇಲೆ ಈ ಆಟದ ಅತಿ ದೊಡ್ಡ ಹೆಸರಾದ ಟಾಮ್ ಬ್ರೇಡಿ 2000ದಲ್ಲಿ ಆಯ್ಕೆಯಾದದ್ದು 199ನೆಯವನಾಗಿ. ನಮ್ಮವರು 183ನೇ ಸರದಿಯಲ್ಲಿ ಸ್ಪರ್ಗನ್ ವಿನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆದು ಆಟ ನಡೆಸುವವನು, ಬ್ರೇಡಿಯೂ ಅದೇ) ತೆಗೆದುಕೊಂಡರು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಅಜ್ಜನ ಮೊದಲ ಅಂಕಣದಲ್ಲೂ ಬ್ರೇಡಿ ಇಲ್ಲ. ಯಾರಿಗೂ ಗೊತ್ತಿರಲಿಲ್ಲ.

ಆದರೆ 2004 ಬೇರೆ. ಅದು ಶನಿವಾರ ಮಧ್ಯಾಹ್ನ. ನಾನು ಆರು ತಿಂಗಳ ಬಸುರಿ, ಅಜ್ಜನ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದೆ. ಮೊದಲ ಅಂಕಣದಲ್ಲಿ ಬೆನ್ ರಾತ್ಲಿಸ್‌ಬರ್ಗರ್ ಎಂಬ ಕ್ವಾರ್ಟರ್‌ಬ್ಯಾಕ್‌ನ ಹೆಸರಿತ್ತು. ನಮ್ಮ ಒಹಾಯೊ ಹುಡುಗ. ಫಿಂಡ್ಲೆಯವನು, ನಮ್ಮಿಂದ ಎರಡು ಗಂಟೆ ದಾರಿ. ಕಾಲೇಜು ಆಡಿದ್ದೂ ಒಹಾಯೊದಲ್ಲೇ. ನಮ್ಮದು ಏಳನೇ ಸರದಿ. ನಮ್ಮವರು ಎರಡನೇ ಸುತ್ತಿನ ಸರದಿಯನ್ನು ಡೆಟ್ರಾಯಿಟ್‌ಗೆ ಕೊಟ್ಟು ಏಳರಿಂದ ಆರಕ್ಕೆ ಏರಿದರು, ಕೆಲೆನ್ ವಿನ್ಸ್ಲೋನನ್ನು ಆರಿಸಿದರು. ಒಳ್ಳೆಯ ಆಟಗಾರ, ಆದರೆ ಕ್ವಾರ್ಟರ್‌ಬ್ಯಾಕ್ ಅಲ್ಲ. ಅಜ್ಜ ಮಾತಾಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಎರಡನೇ ಅಂಕಣದಲ್ಲಿ ಹೆಸರು ಬರೆದರು. 11ನೇ ಸರದಿಗೆ ಪಿಟ್ಸ್‌ಬರ್ಗ್ ರಾತ್ಲಿಸ್‌ಬರ್ಗರ್‌ನನ್ನು ಕರೆದಾಗ ಟಿವಿಯ ಸೌಂಡ್ ಕಡಿಮೆ ಮಾಡಿದರು, ಅಷ್ಟೇ. ಪಿಟ್ಸ್‌ಬರ್ಗ್ ನಮ್ಮ ಕಡು ಎದುರಾಳಿ. ಆತ ಅಲ್ಲಿ 18 ಸೀಸನ್ ಆಡಿದ, ಎರಡು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ. ವರ್ಷಕ್ಕೆ ಎರಡು ಸಲ ನಮ್ಮೆದುರೇ ಬರುತ್ತಿದ್ದ. ಅಷ್ಟು ವರ್ಷವೂ ನಾವು ಅದನ್ನು ಕೂತು ನೋಡಿದೆವು.

ಅದಕ್ಕಿಂತ ದೊಡ್ಡ ನೋವಿನ ಕಥೆ 2011ರದು. ಒಂದು ತಪ್ಪು ಇನ್ನೊಂದನ್ನು ಹೆರುತ್ತಾ ಹೋಗುವುದು ಹೇಗೆ ಎಂದು ಅದರಲ್ಲಿ ಕಾಣುತ್ತದೆ. ಆ ವರ್ಷ ನಮ್ಮದು ಆರನೇ ಸರದಿ. ಅದನ್ನು ಅಟ್ಲಾಂಟಾಗೆ ಕೊಟ್ಟು ಐದು ಸರದಿ ಪಡೆದರು. ಅಟ್ಲಾಂಟಾ ಆ ಒಂದರಲ್ಲಿ ಜೂಲಿಯೊ ಜೋನ್ಸ್‌ನನ್ನು ಆರಿಸಿತು. ಆತ ವೃತ್ತಿಯಲ್ಲಿ 13 ಸಾವಿರಕ್ಕೂ ಹೆಚ್ಚು ಗಜ ಗಳಿಸಿದ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು. ನಮಗೆ ಬಂದ ಐದು ಏನಾದವು ನೋಡಿ. ಮೊದಲನೆಯದನ್ನು ಇನ್ನೊಂದು ತಂಡದ ಜೊತೆ ಬದಲಾಯಿಸಿಕೊಂಡು ಮೇಲೇರಿ ಫಿಲ್ ಟೇಲರ್‌ನನ್ನು ತಂದರು. ಎರಡನೆಯದು ಗ್ರೆಗ್ ಲಿಟ್ಲ್. ಮೂರನೆಯದು ಓವನ್ ಮರೆಸಿಕ್. ನಾಲ್ಕನೆಯದು ಮುಂದಿನ ವರ್ಷದ ಮೊದಲ ಸುತ್ತಿನದು, ಅದರಲ್ಲಿ ಬ್ರ್ಯಾಂಡನ್ ವೀಡನ್ ಎಂಬ ಕ್ವಾರ್ಟರ್‌ಬ್ಯಾಕ್. ಆತನಿಗೆ ಆಗಲೇ 28 ವರ್ಷ, ಹೆಚ್ಚಿನ ಹೊಸ ಹುಡುಗರಿಗಿಂತ ಐದಾರು ವರ್ಷ ದೊಡ್ಡವನು. ಎರಡು ಸೀಸನ್ ಆದ ಮೇಲೆ ಬಿಟ್ಟುಬಿಟ್ಟರು. ಐದನೆಯದು ನಾಲ್ಕನೇ ಸುತ್ತಿನ ಸರದಿ. ಅದನ್ನು ಇನ್ನೂ ಎರಡು ಸರದಿಯ ಜೊತೆ ಸೇರಿಸಿ ಮಿನ್ನೆಸೋಟಾಗೆ ಕೊಟ್ಟರು, 2012ರಲ್ಲಿ ನಾಲ್ಕರಿಂದ ಮೂರಕ್ಕೆ ಏರಲು. ಒಂದೇ ಒಂದು ಮೆಟ್ಟಿಲು. ತಂದದ್ದು ಟ್ರೆಂಟ್ ರಿಚರ್ಡ್‌ಸನ್ ಎಂಬ ರನ್ನಿಂಗ್ ಬ್ಯಾಕ್‌ನನ್ನು, ಅಂದರೆ ಚೆಂಡು ಹಿಡಿದು ಓಡುವವನನ್ನು.

ರಿಚರ್ಡ್‌ಸನ್ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ವರ್ಷ ಪಕ್ಕೆಲುಬಿಗೆ ಪೆಟ್ಟಾಗಿದ್ದರೂ ಆಡಿದ, 950 ಗಜ ಓಡಿದ. ನನ್ನ ಮಗನಿಗೆ ಆತನೆಂದರೆ ಪ್ರಾಣ. 2013ರ ಜುಲೈನಲ್ಲಿ ಒಂಬತ್ತನೇ ಹುಟ್ಟುಹಬ್ಬಕ್ಕೆ ಆತನ 33ನೇ ನಂಬರಿನ ಜರ್ಸಿ ಕೊಡಿಸಿದೆ. ಎರಡು ಸೈಜ್ ದೊಡ್ಡದು ತಂದಿದ್ದೆ, ನಾಲ್ಕು ವರ್ಷ ಆತ ಇಲ್ಲೇ ಇರುತ್ತಾನಲ್ಲ, ಇವನೂ ಬೆಳೆಯುತ್ತಾನೆ ಅಂತ. ಸೆಪ್ಟೆಂಬರ್ 18ರ ಬುಧವಾರ, ಎರಡನೇ ಸೀಸನ್‌ನ ಎರಡೇ ಪಂದ್ಯ ಆಗಿತ್ತು, ಆತನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟುಬಿಟ್ಟರು. ನಮ್ಮ ತಂಡಕ್ಕೆ ಆತ ಆಡಿದ್ದು ಎಲ್ಲ ಸೇರಿ 17 ಪಂದ್ಯ. ಮಗ ಮರುದಿನ ಬೆಳಿಗ್ಗೆ ಅದೇ ಜರ್ಸಿ ಹಾಕಿಕೊಂಡು ಸ್ಕೂಲಿಗೆ ಹೊರಟ. ಬೇಡ ಅಂದೆ, ಹುಡುಗರು ರೇಗಿಸುತ್ತಾರೆ ಅಂತ. ‘ಅವನೇನು ತಪ್ಪು ಮಾಡಿದ?’ ಎಂದು ಕೇಳಿದ. ತೋಳು ಮೊಣಕೈ ದಾಟಿ ಕೆಳಗೆ ಇಳಿದಿತ್ತು. ಅದನ್ನು ಮಡಚುತ್ತಾ ನಿಂತಿದ್ದೆ, ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೂ ಇದೆ. ರಿಚರ್ಡ್‌ಸನ್ ಕೊಟ್ಟು ಬಂದ ಸರದಿ 2014ರ 26ನೆಯದು. ಅದರ ಜೊತೆ ಇನ್ನೊಂದನ್ನು ಸೇರಿಸಿ 22ಕ್ಕೆ ಏರಿದರು, ಜಾನಿ ಮ್ಯಾನ್‌ಜೆಲ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿದರು. ಎರಡು ವರ್ಷ ತುಂಬುವ ಮುಂಚೆ ಆತನನ್ನೂ ಬಿಟ್ಟರು. ಆತನ ವಿಷಯದಲ್ಲಿ ತಪ್ಪು ಬರೀ ತಂಡದ್ದಲ್ಲ, ಒಪ್ಪುತ್ತೇನೆ. ಆದರೆ ಜೂಲಿಯೊ ಜೋನ್ಸ್‌ನಿಂದ ಹೊರಟು ಮ್ಯಾನ್‌ಜೆಲ್‌ವರೆಗೆ ಬಂದು ಕೈ ಖಾಲಿ ಮಾಡಿಕೊಂಡದ್ದು ಯಾರು? ಅಜ್ಜನ ಪುಸ್ತಕದಲ್ಲಿ 2011ರಿಂದ 2016ರವರೆಗೆ ಮೊದಲ ಸುತ್ತಿನ ಒಂಬತ್ತು ಹೆಸರುಗಳಿವೆ. ಒಂಬತ್ತರ ಮುಂದೆಯೂ ‘ಹೋದ’. ಒಬ್ಬನೂ ಇಲ್ಲಿ ಐದನೇ ಸೀಸನ್ ಆಡಲಿಲ್ಲ.

ಒಂಬತ್ತು ಜನರೂ ಕೆಲಸಕ್ಕೆ ಬಾರದವರಾಗಿದ್ದರು ಎಂದು ನಾನು ನಂಬುವುದಿಲ್ಲ. 2011ರಿಂದ 2016ರ ಒಳಗೆ ನಾಲ್ವರು ಮುಖ್ಯ ಕೋಚ್‌ಗಳನ್ನು ನೋಡಿದೆವು, ಅದರಲ್ಲಿ ಒಬ್ಬರಿಗೆ ಸಿಕ್ಕಿದ್ದು ಒಂದೇ ವರ್ಷ. ಆಟಗಾರರನ್ನು ಆರಿಸುವ ಮ್ಯಾನೇಜರ್‌ಗಳೂ ಹಾಗೇ ಬದಲಾದರು. ಹಳಬರು ತಂದ ಹುಡುಗ ಹೊಸಬರಿಗೆ ಬೇಡ. ಎತ್ತು ಏರಿಗೆ, ಕೋಣ ನೀರಿಗೆ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಒಂದು ರೀತಿ ಆಡಲು ಕಲಿಯುವಷ್ಟರಲ್ಲಿ ಬೇರೆಯವರು ಬಂದು ಬೇರೆ ರೀತಿ ಆಡು ಅನ್ನುತ್ತಾರೆ. ಹಾಗಿದ್ದರೆ ಯಾರು ತಾನೇ ನಿಲ್ಲುತ್ತಾರೆ? 2007ರಲ್ಲಿ ಮೂರನೆಯವನಾಗಿ ಬಂದ ಜೋ ಥಾಮಸ್ ನಿಂತ. ಡ್ರಾಫ್ಟ್ ದಿನ ಆತ ನ್ಯೂಯಾರ್ಕಿಗೆ ಹೋಗಲಿಲ್ಲ, ಅಪ್ಪನ ಜೊತೆ ಮೀನು ಹಿಡಿಯಲು ಹೋಗಿದ್ದ. ಇಲ್ಲಿ 11 ಸೀಸನ್‌ನಲ್ಲಿ ಆರು ಮುಖ್ಯ ಕೋಚ್‌ಗಳ ಕೈಕೆಳಗೆ ಆಡಿದ. 10,363 ಸಲ ಚೆಂಡು ಆಟಕ್ಕೆ ಬಂದಾಗಲೂ ಒಂದೂ ತಪ್ಪಿಸದೆ ಸತತವಾಗಿ ಮೈದಾನದಲ್ಲಿದ್ದ. 2023ರಲ್ಲಿ ಈ ಆಟದ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ಅಂಥವನಿಗೆ ಒಂದೇ ಒಂದು ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್) ಪಂದ್ಯ ಸಿಗಲಿಲ್ಲ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಪಿಟ್ಸ್‌ಬರ್ಗ್ ನೋಡಿ. 1969ರಿಂದ 2025ರವರೆಗೆ ಅಲ್ಲಿ ಮೂವರೇ ಮುಖ್ಯ ಕೋಚ್‌ಗಳು. ಬಾಲ್ಟಿಮೋರ್ ನೋಡಿ. ನಮ್ಮಿಂದ ಹೋದ ತಂಡ 1996ರ ತನ್ನ ಮೊದಲ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಜೊನಾಥನ್ ಓಗ್ಡೆನ್, ರೇ ಲೂಯಿಸ್ ಇಬ್ಬರನ್ನೂ ಆರಿಸಿತು. ಇಬ್ಬರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಆರಿಸಿದವರು ಒಝೀ ನ್ಯೂಸಮ್, ಒಂದು ಕಾಲದಲ್ಲಿ ನಮ್ಮ ಬ್ರೌನ್ಸ್‌ನ ದೊಡ್ಡ ಆಟಗಾರ. ಅಲ್ಲಿ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕೆಲಸ ಮಾಡಿದರು. ನಮ್ಮ ಊರಿನ ಮನುಷ್ಯನೇ, ನಮ್ಮ ಊರಿನ ತಂಡವೇ, ಆದರೆ ಫಸಲು ಬೇರೆ ಊರಿನವರಿಗೆ.

ಈಚೆಗೆ ಸ್ವಲ್ಪ ಸುಧಾರಿಸಿದ್ದರು. 2020ರಿಂದ 2025ರವರೆಗೆ ಅದೇ ಮ್ಯಾನೇಜರ್, ಅದೇ ಕೋಚ್ ಇದ್ದರು. ಮೊದಲ ವರ್ಷವೇ ಪ್ಲೇಆಫ್‌ಗೆ ಹೋಗಿ ಪಿಟ್ಸ್‌ಬರ್ಗ್ ಅನ್ನು ಅವರ ಊರಲ್ಲೇ ಸೋಲಿಸಿದೆವು. ಅಜ್ಜ ಅವತ್ತು ಫೋನ್ ಮಾಡಿ ಮಾತಾಡದೆ ಅತ್ತರು. ಆಮೇಲೆ 2022ರಲ್ಲಿ ಮತ್ತೆ ಅದೇ ಆತುರ. ಡಿಶಾನ್ ವಾಟ್ಸನ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ ಮೂರು ವರ್ಷದ ಮೊದಲ ಸುತ್ತಿನ ಸರದಿಗಳನ್ನು ಹ್ಯೂಸ್ಟನ್‌ಗೆ ಕೊಟ್ಟರು. ಆತನಿಗೆ 23 ಕೋಟಿ ಡಾಲರ್, ಪೂರ್ತಿ ಗ್ಯಾರಂಟಿ. ಆಗ ಆತನ ಮೇಲೆ ಲೈಂಗಿಕ ದುರ್ವರ್ತನೆ ಆರೋಪಿಸಿ 20ಕ್ಕೂ ಹೆಚ್ಚು ಮಹಿಳೆಯರು ಹೂಡಿದ ದಾವೆಗಳಿದ್ದವು. ಆತ ಆರೋಪ ಒಪ್ಪಲಿಲ್ಲ, ಲೀಗ್ 11 ಪಂದ್ಯ ನಿಷೇಧ ಹಾಕಿತು. ನನಗೆ ಅವತ್ತಿನಿಂದ ಆ ಹೆಲ್ಮೆಟ್ ನೋಡಿದರೆ ಹಿಂದಿನ ಖುಷಿ ಬರುವುದಿಲ್ಲ. ಮೂರು ಸೀಸನ್‌ನಲ್ಲಿ ಆತ ಆಡಿದ್ದು 19 ಪಂದ್ಯ. 2017ರ ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ಆತನನ್ನು ಆರಿಸಿದ್ದು 12ನೇ ಸರದಿಯಲ್ಲಿ. ಆ ಸರದಿಯನ್ನು ಅವರಿಗೆ ಕೊಟ್ಟವರೂ ನಾವೇ.

ಈ ಸಲ, 2025ರಲ್ಲಿ, ಎರಡನೇ ಸರದಿ ನಮ್ಮದಿತ್ತು. ಅದನ್ನು ಜ್ಯಾಕ್ಸನ್‌ವಿಲ್‌ಗೆ ಕೊಟ್ಟರು, ಅವರು ಟ್ರಾವಿಸ್ ಹಂಟರ್‌ನನ್ನು ಒಯ್ದರು. ನಮಗೆ ಐದನೇ ಸರದಿಯಲ್ಲಿ ಮೇಸನ್ ಗ್ರಹಾಂ, ಜೊತೆಗೆ ಮುಂದಿನ ವರ್ಷ ಇನ್ನೊಂದು ಮೊದಲ ಸುತ್ತು. ಮೂರನೇ ಸುತ್ತಿನಲ್ಲಿ ಡಿಲನ್ ಗೇಬ್ರಿಯಲ್, ಐದನೇ ಸುತ್ತಿನಲ್ಲಿ ಶೆಡ್ಯೂರ್ ಸ್ಯಾಂಡರ್ಸ್. ಒಂದೇ ಡ್ರಾಫ್ಟ್‌ನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್. ಮರುದಿನ ಬೆಳಿಗ್ಗೆಯೇ ಎಲ್ಲ ಕಡೆ ಅಂಕಪಟ್ಟಿ ಬಂತು, ಈ ತಂಡಕ್ಕೆ ಇಷ್ಟು, ಆ ತಂಡಕ್ಕೆ ಅಷ್ಟು ಅಂತ. ನಿಮ್ಮ ಪುಟದಲ್ಲೂ ಬಂತು. ಆಟಗಾರ ಇನ್ನೂ ಊರಿಗೆ ಕಾಲಿಟ್ಟಿಲ್ಲ. ಅಂಕ ಕೊಟ್ಟವರಿಗೆ ತಾಳ್ಮೆ ಇದೆ, ಅಭಿಮಾನಿಗಳಿಗೆ ಇಲ್ಲ ಅನ್ನುವುದು ಸರಿ ಅಲ್ಲ, ಅಲ್ವಾ?

ನನ್ನದೊಂದು ಕೋರಿಕೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮೂರು ವರ್ಷ ಹಿಂದಿನ ಡ್ರಾಫ್ಟ್ ಬಗ್ಗೆ ಬರೆಯಿರಿ. ಯಾರು ನಿಂತರು, ಯಾರು ಹೋದರು, ಹೋದವರನ್ನು ಯಾರು ಕಳಿಸಿದರು ಎಂದು ಬರೆಯಿರಿ. ಹೋದ ಭಾನುವಾರ ಅಜ್ಜ 2022ರ ಪುಟ ತೆಗೆದರು. ಕೈ ಈಗ ನಡುಗುತ್ತದೆ, ಹಾಗಾಗಿ ಅವರು ಹೇಳಿದಂತೆ ನಾನು ಬರೆದೆ. ಮೊದಲ ಸುತ್ತು, ಇಲ್ಲ. ಎರಡನೇ ಸುತ್ತು, ಇಲ್ಲ. ಮೂರನೇ ಸುತ್ತು, 68ನೇ ಸರದಿ, ಮಾರ್ಟಿನ್ ಎಮರ್ಸನ್. ಮೂರನೇ ಅಂಕಣಕ್ಕೆ ಬಂದಾಗ ಪೆನ್ಸಿಲ್ ನನ್ನಿಂದ ಇಸಿದುಕೊಂಡರು. ಆ ಪದವನ್ನು ತಾವೇ ಬರೆದರು, ‘ನಿಂತ’.

ಇಂತಿ,
ನಿಮ್ಮ ಓದುಗಾರ್ತಿ
ಪಾರ್ಮಾ, ಒಹಾಯೊ
ಮೇ 2025