ಹೊಂದದ ಎರಡು ಬಾವಿಗಳು

ಉಡುಪಿ
ಭಾನುವಾರ

ಪ್ರೀತಿಯ ಪುಟ್ಟಿ,

ಭೂವಿಜ್ಞಾನದಲ್ಲಿ ಗಣಿತ ಬಳಸುವ ಯುವ ವಿಜ್ಞಾನಿಗಳಿಗೆ ಕೊಡುವ ವಿಸ್ಟೇಲಿಯಸ್ ಪ್ರಶಸ್ತಿಗೆ ನಿನ್ನ ಹೆಸರು ಕಳಿಸುತ್ತಾರೆ ಅಂದಾಗ ಖುಷಿಯಾಯಿತು. ಆದರೆ ಫೋನ್ ಇಡುವ ಮೊದಲು ಒಂದು ಮಾತು ಅಂದೆಯಲ್ಲ, ಲೆಕ್ಕಕ್ಕೆ ಹೊಂದದ ಎರಡು ಬಾವಿ ಬಿಟ್ಟುಬಿಟ್ಟರೆ ನಿನ್ನ ಅಂತರ್ಜಲದ ನಕ್ಷೆ ಚೆಂದ ಬರುತ್ತದೆ ಅಂತ. ರಾತ್ರಿಯೆಲ್ಲ ಅದೇ ಕೊರೆಯಿತು.

ನಮ್ಮ ಹಿತ್ತಿಲ ಬೋರ್‌ವೆಲ್ ನೆನಪಿದೆಯಾ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡಿದವನು, ಕಾಯಿ ಎದ್ದು ನಿಂತಲ್ಲಿ ‘150 ಅಡಿಗೆ ನೀರು’ ಅಂದ. 320 ಅಡಿ ಕೊರೆಸಿದೆವು. ಮುರಕಲ್ಲು ದಾಟಿತು, ಶೇಡಿಮಣ್ಣು ದಾಟಿತು, ಆಮೇಲೆ ಬರೀ ಕಲ್ಲಿನ ಪುಡಿ. ನಿನ್ನ ಅತ್ತೆ ಒಣಹಾಕಿದ ಬಟ್ಟೆಯೆಲ್ಲ ಬೂದಿ ಬಣ್ಣ. ನೀರು ಸಿಗಲಿಲ್ಲ ಅಂತ ನನಗೆ ಸಿಟ್ಟಿಲ್ಲ. ‘ತಪ್ಪಿದರೂ ತಪ್ಪಬಹುದು’ ಅಂತ ಒಂದು ಮಾತು ಅವನ ಬಾಯಲ್ಲಿ ಬರಲಿಲ್ಲ, ಅದಕ್ಕೆ ಸಿಟ್ಟು.

ಕ್ರಿಗಿಂಗ್ ಅಂದರೇನು ಅಂತ ನನಗೆ ಹೇಳಿಕೊಟ್ಟವಳು ನೀನೇ: ಅಳತೆ ಮಾಡಿದ ಜಾಗಗಳಿಂದ ಅಳೆಯದ ಜಾಗದ ಲೆಕ್ಕ ಅಂದಾಜು ಮಾಡುವ ವಿಧಾನ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ, ಮಾದರಿಯಲ್ಲಿ ಜಾಸ್ತಿ ಚಿನ್ನ ಕಂಡಲ್ಲಿ ಅಗೆದರೆ ಸಾಮಾನ್ಯವಾಗಿ ಅಷ್ಟು ಸಿಗುವುದಿಲ್ಲ ಎಂದು ಅಲ್ಲಿನ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗೆ 1951ರಲ್ಲಿ ತೋರಿಸಿದ. ಫ್ರಾನ್ಸಿನ ಗಣಿತಜ್ಞ ಮಾಥೆರಾನ್ ಆ ಕೆಲಸವನ್ನು ಬೆಳೆಸಿ ವಿಧಾನಕ್ಕೆ ಕ್ರಿಗೆಯ ಹೆಸರನ್ನೇ ಇಟ್ಟ. ಹತ್ತಿರದ ಬಾವಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ನನಗೆ ಹಿಡಿಸಿದ್ದು ಇನ್ನೊಂದು: ಅಂದಾಜಿನ ಪಕ್ಕದಲ್ಲೇ ಅದು ಎಷ್ಟು ತಪ್ಪಬಹುದು ಅಂತಲೂ ಹೇಳುತ್ತದೆ. ಕಾಯಿ ಹಿಡಿದವನಿಗೂ ನಿನಗೂ ಇರುವ ವ್ಯತ್ಯಾಸ ಅಷ್ಟೇ ಅಲ್ವಾ? ಆ ಎರಡು ಬಾವಿ ಬಿಟ್ಟರೆ ತಪ್ಪಿನ ಅಂಕಿ ಸುಮ್ನೆ ಚಿಕ್ಕದಾಗಿ ಕಾಣುತ್ತದೆ. ನೆಲ ಬದಲಾಗುವುದಿಲ್ಲ.

ಸಣ್ಣವಳಿದ್ದಾಗ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ, ಕಲ್ಲಿನ ಕಂಬಕ್ಕೆಲ್ಲ ಆರು ಮುಖ ಅಂತ ನಾನು ಹೇಳಿದ್ದೆ. ಮಲ್ಪೆಗೆ ವಾಪಸ್ ಹೊರಟ ದೋಣಿ ನಿಲ್ಲಿಸಿ, ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಐದು ಮುಖದ್ದನ್ನು ಮುಟ್ಟಿಸಿದೆ. ದೋಣಿಯವನು ಬೈದ.

ಪ್ರಶಸ್ತಿಗೆ ವಯಸ್ಸು 35 ದಾಟಬಾರದು ಅಂದೆ. ನಿನಗೆ ಈಗ 29, ಅವಸರ ಯಾಕೆ? ಅದನ್ನು ಕೊಡುವ ಸಂಘ ಹುಟ್ಟಿದ್ದು 1968ರಲ್ಲಿ ಪ್ರಾಗ್‌ನಲ್ಲಿ, ಊರಿಗೆ ಸೋವಿಯತ್ ಸೇನೆಯ ಟ್ಯಾಂಕು ನುಗ್ಗಿದ ಅದೇ ವಾರ. ಪ್ರಶಸ್ತಿಗೆ ಹೆಸರಾದ ರಷ್ಯಾದ ಭೂವಿಜ್ಞಾನಿ ವಿಸ್ಟೇಲಿಯಸ್ ಅದರ ಮೊದಲ ಅಧ್ಯಕ್ಷ. ಅಂಥ ಗಲಾಟೆಯಲ್ಲೂ ಅವರು ಸಭೆ ಮಾಡಿದರು. ನಿನಗೆ ಎರಡು ಬಾವಿ ಮತ್ತೆ ನೋಡಲು ಪುರುಸೊತ್ತಿಲ್ಲವಾ?

ಮಳೆ ಹಿಡಿಯುವ ಮೊದಲು ಬಾ. ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ಇಟ್ಟಿದ್ದೇನೆ. ನೀನು ಬರೆದುಕೋ, ನಾನು ಇಳಿಬಿಡುತ್ತೇನೆ.

ನಿನ್ನ ಮಾವ